ಹೆಂಚಿನ ಮನೆಗೆ ಮರಳುವ ಮಕ್ಕಳಿಗೆ

ಊರ ಮನೆಯನ್ನು ರಿಪೇರಿ ಮಾಡಿಸಿಕೊಂಡು ಅಲ್ಲೇ ಸಂಸಾರ ಹೂಡುತ್ತೀರಂತೆ, ಅಣ್ಣ ಹೇಳಿದ. ಕೇಳಿ ಮನಸ್ಸು ತುಂಬಿತು. ಅದು ನನ್ನ ತವರು. ಬಾಗಿಲು ಮುಚ್ಚಿಕೊಂಡು, ಮಾಡಿನ ತುಂಬ ಪಾಚಿ ಕಟ್ಟಿಸಿಕೊಂಡು ನಿಂತ ಆ ಮನೆಯನ್ನು ಪ್ರತಿ ವರ್ಷ ನೋಡಿ ಸಂಕಟಪಟ್ಟವಳು ನಾನು. ಸಂತೋಷದ ಬೆನ್ನಿಗೇ ಒಂದು ಹೆದರಿಕೆಯೂ ಬಂತು. ನಮ್ಮ ತೀರ್ಥಹಳ್ಳಿ ಸೀಮೆಗೆ ಹೀಗೆ ಬೆಂಗಳೂರಿನಿಂದ ಮರಳಿದ ಮಕ್ಕಳು ಇದ್ದ ದುಡ್ಡನ್ನೆಲ್ಲ ಮೊದಲ ಬೇಸಿಗೆಯಲ್ಲೇ ಟೈಲ್ಸಿಗೆ, ಬಣ್ಣಕ್ಕೆ, ಅಡುಗೆಮನೆಯ ಕಪಾಟಿಗೆ ಸುರಿದು, ಆಷಾಢದ ಮಳೆಗೆ ಮನೆ ತುಂಬ ಪಾತ್ರೆ ಇಟ್ಟುಕೊಂಡು ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ನಿಮಗೆ ಹಾಗಾಗಬಾರದು. ಗಂಡನ ಮನೆಯ ಹಳೇ ಮನೆಯನ್ನು ವರ್ಷಕ್ಕಿಷ್ಟು ಎಂದು ಎದುರಿಗೆ ನಿಂತು ಸರಿಮಾಡಿಸಿದವಳು ನಾನು. ಬಡಗಿಗಳನ್ನು, ಗಾರೆ ಕೆಲಸದವರನ್ನು ಕೇಳಿ ಕೇಳಿ ಕಲಿತದ್ದನ್ನೇ ನಿಮಗೂ, ಇಂಥದೇ ಯೋಚನೆಯಲ್ಲಿರುವ ಉಳಿದ ಮಕ್ಕಳಿಗೂ ಹೇಳುತ್ತಿದ್ದೇನೆ.

ಹಳೇ ಮನೆ ಬೀಳುವುದು ನೀರಿನಿಂದ. ಮೇಲಿನಿಂದ ಸೋರುವ ನೀರು, ಕೆಳಗಿನಿಂದ ಗೋಡೆಗೆ ಏರುವ ತೇವ, ಇವೆರಡನ್ನು ನಿಲ್ಲಿಸಿದರೆ ಮನೆ ಉಳಿಯಿತು. ಕೈಯಲ್ಲಿರುವ ಹಣವನ್ನು ನಾಲ್ಕು ಪಾಲು ಮಾಡಿಕೊಳ್ಳಿ. ಎರಡು ಪಾಲು ಮಾಡಿಗೆ ಮತ್ತು ಚರಂಡಿಗೆ. ಒಂದು ಪಾಲು ವಿದ್ಯುತ್ತು, ಬಚ್ಚಲು, ಅಡುಗೆಮನೆಗೆ. ಉಳಿದ ಒಂದು ಪಾಲನ್ನು ಇಲ್ಲವೆಂದೇ ತಿಳಿದು ಬ್ಯಾಂಕಿನಲ್ಲಿ ಬಿಡಿ. ಹೆಂಚು ಇಳಿಸಿದ ದಿನ ಅದು ಬೇಕಾಗುತ್ತದೆ. ಬಣ್ಣಕ್ಕೆ ಪಾಲಿಲ್ಲವೇ ಎಂದರೆ, ಇಲ್ಲ. ಮೊದಲ ವರ್ಷ ಸುಣ್ಣ ಬಳಿದರೆ ಸಾಕು.

ದುಡ್ಡು ಬಿಚ್ಚುವ ಮೊದಲು ಮನೆ ಯಾರದ್ದು ಎಂಬುದು ಇತ್ಯರ್ಥವಾಗಲಿ. ಅಜ್ಜನ ಹೆಸರಲ್ಲೇ ಖಾತೆ ಇರುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಇದ್ದವರು ಇದ್ದಾರೆ, ಯಾರೂ ಕೇಳುವುದಿಲ್ಲ ಎಂದು ಕೆಲಸ ಶುರುಮಾಡುತ್ತಾರೆ. ಹೊಸ ಹೆಂಚು ಏರಿ, ಮನೆಗೆ ಬೆಲೆ ಬಂದ ಮೇಲೆ ತಕರಾರು ಏಳುತ್ತದೆ. ಹೆಣ್ಣುಮಕ್ಕಳ ಪಾಲನ್ನೂ ಮರೆಯುವಂತಿಲ್ಲ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ಬಂದಿತ್ತು, ಆದರೆ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ಪಾಲುಪತ್ರ ಇದ್ದರೆ ಮಾತು ಬೇರೆ. ನಮ್ಮ ಮನೆಗೆ ಅಂಥ ಪತ್ರವಿಲ್ಲ. ಅಂದರೆ ನನಗೂ ನನ್ನ ತಂಗಿಗೂ ಆ ಮನೆಯಲ್ಲಿ ಹಕ್ಕಿದೆ. ನಾನು ಪಾಲು ಕೇಳುವುದಿಲ್ಲ. ಕೇಳುವುದಿಲ್ಲ ಎಂಬುದನ್ನು ಕಾಗದದಲ್ಲಿ ಬರೆದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಕೊಡುತ್ತೇನೆ. ನಿಮ್ಮ ಚಿಕ್ಕತ್ತೆಯ ಮನೆಗೆ ನೀವಿಬ್ಬರೂ ಹೋಗಿ, ಕೂತು ಮಾತಾಡಿ, ಅವಳ ಮನಸ್ಸು ತಿಳಿದು ಬನ್ನಿ. ಫೋನಿನಲ್ಲಿ ಮುಗಿಸುವ ಮಾತಲ್ಲ ಇದು. ಹಿರಿಯರು ತೀರಿಕೊಂಡಿದ್ದರೆ ಪೌತಿ ಖಾತೆ, ಆಮೇಲೆ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11, ವಿದ್ಯುತ್ ಮೀಟರಿನ ಆರ್.ಆರ್. ನಂಬರು ಯಾರ ಹೆಸರಲ್ಲಿದೆ ಎಂಬುದು, ಇಷ್ಟನ್ನೂ ಈ ಬೇಸಿಗೆಯಲ್ಲೇ ಸರಿಮಾಡಿಕೊಳ್ಳಿ. ಓಡಾಟ ಬೇಸರ ತರಿಸುತ್ತದೆ, ಆದರೆ ಕಾಗದ ಸರಿಯಿಲ್ಲದ ಮನೆಗೆ ಹಾಕಿದ ದುಡ್ಡಿಗೆ ಭದ್ರತೆಯಿಲ್ಲ.

ಈ ವರ್ಷ ಏನನ್ನೂ ಒಡೆಯಬೇಡಿ. ಒಂದು ಮಳೆಗಾಲ ಆ ಮನೆಯಲ್ಲಿ ಇದ್ದು ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಬೆಂಗಳೂರಿನಲ್ಲಿ ಸುಮಾರು 1,000. ಪೇಟೆಯ ಮನೆಯ ಅನುಭವ ಇಟ್ಟುಕೊಂಡು ಈ ಮನೆಯನ್ನು ಅಳೆಯಲು ಆಗುವುದಿಲ್ಲ. ಸಾವಿರ ಚದರಡಿ ಜಾಗದ ಮೇಲಿನ ಮಾಡಿಗೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಸೂರಿನಿಂದ ಇಳಿಯುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಅಂಥ ದಿನಗಳು ಒಂದರ ಹಿಂದೆ ಒಂದು ಬರುತ್ತವೆ. ಆ ನೀರು ಎಲ್ಲಿ ಬೀಳುತ್ತದೆ, ಬಿದ್ದು ಯಾವ ಕಡೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕೊಡೆ ಹಿಡಿದು ಮನೆಯ ಸುತ್ತ ತಿರುಗಿ ನೋಡಿ. ಒಳಗೆ ಹನಿ ಬಿದ್ದ ಕಡೆ ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಒಂದು ವಿಷಯ ನೆನಪಿರಲಿ: ಹನಿ ಬಿದ್ದ ಜಾಗದ ನೇರ ಮೇಲಿನ ಹೆಂಚೇ ಒಡೆದಿರಬೇಕೆಂದಿಲ್ಲ. ನೀರು ಪಕಾಸಿ, ಅಂದರೆ ಹೆಂಚಿನ ಕೆಳಗಿನ ಇಳಿಜಾರು ಮರ, ಹಿಡಿದುಕೊಂಡು ಎಷ್ಟೋ ದೂರ ಇಳಿದು ಬಂದು ಹನಿಯುತ್ತದೆ. ಬೇಸಿಗೆಯಲ್ಲಿ ಬಂದು ನೋಡಿ ಹೋಗುವ ಯಾವ ಎಂಜಿನಿಯರಿಗೂ ಇದು ಗೊತ್ತಾಗುವುದಿಲ್ಲ.

ಈಗ ಮಾಡಿನ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ದುಡ್ಡು ಉಳಿಯುವುದೂ ಕಳೆಯುವುದೂ ಇಲ್ಲೇ.

ನಮ್ಮ ಮನೆಯ ಮೇಲಿರುವುದು ಮಂಗಳೂರು ಹೆಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಹೊಳೆದಂಡೆಯ ಜೇಡಿಮಣ್ಣಿನಿಂದ ಸುಡಲು ತೊಡಗಿದ ಹೆಂಚು ಅದು. ಆಮೇಲೆ ಎಷ್ಟೋ ಕಾರ್ಖಾನೆಗಳು ಹುಟ್ಟಿದವು. ಒಂದು ಹೆಂಚನ್ನು ಇಳಿಸಿ ಒಳಮೈ ಉಜ್ಜಿ ನೋಡಿ, ಕಂಪನಿಯ ಹೆಸರೂ ಊರೂ ಅಚ್ಚೊತ್ತಿರುತ್ತದೆ. ಈ ಅಚ್ಚು ಬರೀ ನೋಡಿ ಸಂತೋಷಪಡುವುದಕ್ಕಲ್ಲ. ಒಂದು ಕಂಪನಿಯ ಹೆಂಚಿನ ಅಂಚು ಇನ್ನೊಂದರ ಗಾಡಿಗೆ ಸರಿಯಾಗಿ ಕೂರುವುದಿಲ್ಲ. ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಸಂದಿಯಲ್ಲಿ ನೀರು ನುಗ್ಗುತ್ತದೆ. ಒಡೆದದ್ದಕ್ಕೆ ಬದಲಿ ತರಲು ಹೋಗುವಾಗ ನಿಮ್ಮ ಮನೆಯ ಒಂದು ಹೆಂಚನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಕೆಡವಿದ ಮನೆಗಳ ಹೆಂಚು ಮಾರುವವರು ಪೇಟೆಯ ಹೊರಗೆ ಇರುತ್ತಾರೆ. ಅಲ್ಲಿ ಜೋಡಿಸಿ ನೋಡಿ, ಕೂತರೆ ಮಾತ್ರ ಕೊಳ್ಳಿ.

ಹಳೇ ಹೆಂಚು ಕಪ್ಪಾಗಿದೆ ಎಂದು ಎಸೆಯಬೇಡಿ. ಎಡಗೈಯಲ್ಲಿ ಸಡಿಲವಾಗಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಬಡಿಯಿರಿ. ಕಣ್ ಎಂದು ಕಂಚಿನ ಸದ್ದು ಬಂದರೆ ಅದು ಇನ್ನೂ ನಿಮ್ಮ ಮಕ್ಕಳ ಕಾಲಕ್ಕೂ ಬಾಳುತ್ತದೆ. ಬೊದ್ದು ಸದ್ದು ಬಂದರೆ ಒಳಗೆ ಸೀಳಿದೆ, ಅಥವಾ ಸುಟ್ಟದ್ದು ಸಾಲದೆ ನೀರು ಕುಡಿದಿದೆ, ಬೇರೆ ಇಡಿ. ಗಟ್ಟಿ ಹೆಂಚನ್ನು ತೆಂಗಿನ ನಾರಿನಲ್ಲೋ ಗಡುಸು ಬ್ರಷ್ಷಿನಲ್ಲೋ ಉಜ್ಜಿ ಪಾಚಿ ತೆಗೆದು, ಒಣಗಿಸಿ, ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ. ನೂರು ಚದರಡಿ ಮಾಡಿಗೆ ಸುಮಾರು 150 ಹೆಂಚು ಬೇಕು. ಒಂದಕ್ಕೆ ಎರಡೂವರೆ ಕೆ.ಜಿ. ಹಿಡಿದರೂ ಅಷ್ಟು ಜಾಗದ ಮೇಲೆ ಒಣಗಿದ ಭಾರವೇ 375 ಕೆ.ಜಿ. ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು. ಆ ಭಾರ ಹೊತ್ತಿರುವುದು ರೀಪು, ಪಕಾಸಿ, ತೊಲೆ. ಹಾಗಾಗಿ ಹೆಂಚಿಗಿಂತ ಮರಮುಟ್ಟಿನ ಮೇಲೆ ನಿಮ್ಮ ಕಣ್ಣಿರಲಿ.

ಮರ ಕೊಳೆಯುವ ಜಾಗಗಳು ಹೆಚ್ಚಾಗಿ ಗೊತ್ತಿರುವಂಥವೇ. ಪಕಾಸಿಯ ತುದಿ ಗೋಡೆಯ ಮೇಲೆ ಕೂರುವಲ್ಲಿ, ಸೂರಿನ ಅಂಚಿನಲ್ಲಿ, ಎರಡು ಮಾಡು ಕೂಡುವ ಮೂಲೆಯ ತಗಡಿನ ದೋಣಿಯ ಕೆಳಗೆ. ಏಣಿ ಹಾಕಿಕೊಂಡು, ತುದಿ ಚೂಪಾದ ಒಂದು ಸ್ಕ್ರೂಡ್ರೈವರ್ ಹಿಡಿದು, ಮಗನೇ, ನೀನೇ ಹತ್ತು. ಪ್ರತಿ ತುದಿಗೂ ಒತ್ತಿ ನೋಡು. ಉಗುರಿನಷ್ಟು ಹೋಗಿ ನಿಂತರೆ ಮೇಲ್ಮೈ ಮಾತ್ರ ಹಾಳಾಗಿದೆ, ಕೆತ್ತಿ ತೆಗೆದರೆ ಒಳಗೆ ಗಟ್ಟಿ ಮರ ಸಿಗುತ್ತದೆ. ಬೆರಳುದ್ದ ಸಲೀಸಾಗಿ ಇಳಿದರೆ ಆ ತುದಿ ಹೋಯಿತು. ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹತ್ತಿದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆ ಏರಿದ್ದರೆ ಗೆದ್ದಲು. ಎಷ್ಟು ತುದಿ ಹೋಗಿದೆ ಎಂದು ಎಣಿಸಿ ಬರೆದುಕೊಂಡ ಮೇಲೆ ಬಡಗಿಯನ್ನು ಕರೆ. ಮೊದಲೇ ಕರೆದರೆ ಇಡೀ ಮಾಡೇ ಬದಲಿಸಬೇಕು ಎನ್ನುವವರೇ ಹೆಚ್ಚು ಸಿಗುತ್ತಾರೆ. ಹೋದ ತುದಿಯನ್ನು ಕತ್ತರಿಸಿ, ಹೊಸ ತುಂಡನ್ನು ಕಚ್ಚು ಕೊಟ್ಟು ಕೂಡಿಸಿ ಬೋಲ್ಟ್ ಬಿಗಿಯಬಹುದು. ನಡುವೆ ಬಳುಕಿದ ಪಕಾಸಿಗೆ ಪಕ್ಕದಲ್ಲೇ ಇನ್ನೊಂದನ್ನು ಜೋಡಿಸಬಹುದು. ಹಲಸು, ಹೊನ್ನೆ, ಭೋಗಿ ಮರದ ನೂರು ವರ್ಷದ ಪಕಾಸಿಯಂಥದ್ದು ಇವತ್ತಿನ ಡಿಪೋದಲ್ಲಿ ನಿಮ್ಮ ದುಡ್ಡಿಗೆ ಸಿಗುವುದಿಲ್ಲ. ಉಳಿಸಿಕೊಳ್ಳಬಹುದಾದ ಪ್ರತಿ ಅಡಿಯನ್ನೂ ಉಳಿಸಿಕೊಳ್ಳಿ.

ನಮ್ಮ ಜಮೀನಿನಲ್ಲೇ ಮರ ಇದೆಯಲ್ಲ, ಕಡಿದರಾಯಿತು ಎಂದು ಹೊರಡಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಾಗದ ಮರಕ್ಕೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಉಳಿದದ್ದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ. ಅನುಮತಿ ಸಿಕ್ಕಿ ಕಡಿದರೂ ಹಸಿ ಮರವನ್ನು ಮಾಡಿಗೆ ಏರಿಸುವಂತಿಲ್ಲ. ಅದು ನೆರಳಲ್ಲಿ ಒಣಗಬೇಕು, ಇಲ್ಲದಿದ್ದರೆ ಮೇಲೆ ಹೋದ ಮೇಲೆ ತಿರುಚಿಕೊಂಡು ಹೆಂಚಿನ ಸಾಲನ್ನೆಲ್ಲ ಕೆಡಿಸುತ್ತದೆ.

ಮರ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಏನು ಮಾಡುವುದು? ಆಗ ಜಿ.ಐ. ಪೈಪಿನ ಪಕಾಸಿ ಹಾಕಿ, ಅದರ ಮೇಲೆ ಹಳೇ ಹೆಂಚನ್ನೇ ಹೊದಿಸಿ. ನೋಡಲು ಒಪ್ಪವಲ್ಲ ಎಂಬ ಕೊರಗು ನನಗೂ ಇದೆ, ಆದರೆ ಕಡಿಮೆ ಖರ್ಚಿನಲ್ಲಿ ಭಾರ ಹೊರುವ ಕೆಲಸ ಅದರಿಂದ ಆಗುತ್ತದೆ. ವೆಲ್ಡಿಂಗ್ ಮಾಡಿದ ಕಡೆಗೆಲ್ಲ ಪ್ರೈಮರ್ ಬಳಿಸಿ, ಪೈಪಿನ ಬಾಯಿ ಮುಚ್ಚಿಸಿ. ತೆರೆದ ಬಾಯಿಯಿಂದ ತೇವ ಹೋಗಿ ಒಳಗಿನಿಂದ ತುಕ್ಕು ತಿನ್ನುತ್ತದೆ. ಮುಂದಿನ ಜಗುಲಿಯ ಮೇಲಾದರೂ ಮರವನ್ನೇ ಉಳಿಸಿಕೊಳ್ಳಿ.

ಹೆಂಚು ಬೇಡ, ತಗಡಿನ ಶೀಟ್ ಹೊದಿಸಿಬಿಡಿ ಎಂದು ಊರಲ್ಲಿ ಹತ್ತು ಜನ ಹೇಳುತ್ತಾರೆ. ಅವರು ಸುಮ್ಮನೆ ಹೇಳುವುದಿಲ್ಲ. ಮಂಗಗಳ ಹಿಂಡು ಒಂದು ಬೆಳಗ್ಗೆ ಮಾಡಿನ ಮೇಲೆ ಓಡಾಡಿದರೆ ಹತ್ತಾರು ಹೆಂಚು ಒಡೆಯುತ್ತವೆ, ಒಡೆದದ್ದನ್ನು ಬದಲಿಸಲು ಮಾಡು ಹತ್ತುವವರು ಸಿಗುವುದಿಲ್ಲ. ಹಿಂದೆ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದಕ್ಕೆಂದೇ ಊರಿನಲ್ಲಿ ಜನ ಇದ್ದರು. ಈಗ ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಅದಕ್ಕೇ ನನ್ನ ಅಭಿಪ್ರಾಯ ಇದು: ಹಿಂದಿನ ಕಡೆ, ಬಚ್ಚಲು, ಸೌದೆಮನೆ, ಕೊಟ್ಟಿಗೆ ಇವಕ್ಕೆ ಶೀಟ್ ಇರಲಿ, ಜನ ಮಲಗುವ ಕೂರುವ ಮನೆಗೆ ಹೆಂಚೇ ಇರಲಿ. ಬರೀ ಶೀಟಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಕೂರುವುದಕ್ಕಾಗುವುದಿಲ್ಲ, ಜುಲೈ ಮಳೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಹೆಂಚು ಕೈಯಾಡಿಸುವುದನ್ನು ನೀನೇ ಕಲಿ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ, ಬಿಸಿಲೇರುವ ಮೊದಲು, ಹಲಗೆ ಇಟ್ಟು ಅದರ ಮೇಲೆ ಕಾಲಿಟ್ಟು, ಹಗ್ಗ ಕಟ್ಟಿಕೊಂಡು ಮಾಡುವ ಕೆಲಸ. ಜೊತೆಗೆ ಒಬ್ಬರು ಇರಲೇಬೇಕು.

ಕೊಟ್ಟಿಗೆಯ ಮೇಲೆ ಹಳೇ ಸಿಮೆಂಟ್ ಶೀಟ್ ಇದ್ದರೆ ಅದನ್ನು ತೆಗೆಯುವಾಗ ಜೋಪಾನ. ಅದರಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಹಾಕಿ ನೆನೆಸಿ, ಮೂಗು ಬಾಯಿ ಕಟ್ಟಿಕೊಂಡು, ಒಡೆಯದೆ ಇಡಿಯಾಗಿ ಇಳಿಸಿ.

ಮುಚ್ಚಿದ ಮನೆ ಬೇಗ ಹಾಳಾಗುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಈಗಿನವರು ಮರೆತಿದ್ದಾರೆ. ದಿನವೂ ಒಲೆ ಉರಿಯುತ್ತಿದ್ದಾಗ ಹೊಗೆ ಅಟ್ಟದ ಮೂಲಕ ಮಾಡಿಗೆ ಏರಿ, ಮರವನ್ನು ಒಣಗಿಸಿ, ಮಸಿ ಹಿಡಿಸಿ, ಹುಳ ಹತ್ತದಂತೆ ಕಾಯುತ್ತಿತ್ತು. ಅಡುಗೆಮನೆಯ ಮೇಲಿನ ಕರ್ರಗಿನ ಪಕಾಸಿಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡು, ಮನೆಯಲ್ಲೆಲ್ಲ ಅವೇ ಗಟ್ಟಿಯಾಗಿರುತ್ತವೆ. ಹಾಗೆಂದು ನನ್ನ ಸೊಸೆ ಹೊಗೆ ಕುಡಿಯುತ್ತ ಅಡುಗೆ ಮಾಡಬೇಕೆಂದು ನಾನು ಯಾವತ್ತೂ ಹೇಳುವವಳಲ್ಲ. ನಮ್ಮ ಅಮ್ಮಂದಿರ ಕಣ್ಣು, ಎದೆ ಹಾಳಾದದ್ದು ಅದೇ ಹೊಗೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹೊಗೆಕೊಳವೆ ಇರುವ, ಸೌದೆ ಕಡಿಮೆ ಬೇಡುವ ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆ ಎಂದರೆ ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಅಡುಗೆಗೆ ಗ್ಯಾಸ್ ಇರಲಿ; ಸ್ನಾನದ ನೀರಿಗೆ, ಹಬ್ಬದ ಅಡುಗೆಗೆ ಅಂಥದೊಂದು ಒಲೆ ಇರಲಿ. ಹೊಗೆ ಇಲ್ಲದ ಕೋಣೆಗಳ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಸಿ. ಕರಾವಳಿಯವರು ದೋಣಿಗೂ ಬಳಿಯುವುದು ಅದನ್ನೇ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸು ಹಾಕಿಕೊಳ್ಳದೆ ಮುಟ್ಟಬಾರದು.

ಇನ್ನು ಮನೆಯ ಕಾಲಬುಡ. ವರ್ಷಗಟ್ಟಲೆ ಯಾರೂ ಇಲ್ಲದ ಮನೆಯ ಸುತ್ತ ಎಲೆ, ಮಣ್ಣು ಸೇರಿ ಅಂಗಳದ ಮಟ್ಟ ಏರಿರುತ್ತದೆ. ಹಿಂದುಗಡೆ ಧರೆಯಿಂದ ಜರಿದ ಮಣ್ಣು ಗೋಡೆಗೆ ಆತುಕೊಂಡಿರುತ್ತದೆ. ಮೊದಲು ಸನಿಕೆ ಹಿಡಿದು ಅದನ್ನು ತೆಗೆಸಿ. ಪಂಚಾಂಗದ, ಅಂದರೆ ಬುನಾದಿಯ, ಕಲ್ಲು ಕಾಣುವವರೆಗೆ ತೆಗೆಯಬೇಕು. ನೆಲ ಗೋಡೆಯಿಂದ ಹೊರಗಡೆಗೆ ಇಳಿಜಾರಾಗಿರಲಿ. ಧರೆಗೂ ಮನೆಗೂ ನಡುವೆ ಒಂದು ಚರಂಡಿ ಬೇಕೇ ಬೇಕು, ಅದು ಮನೆಯನ್ನು ಬಳಸಿ ತಗ್ಗಿನ ಕಡೆಗೆ ಹೋಗಬೇಕು. ಸೂರಿನ ನೀರು ಬೀಳುವ ಸಾಲಿನಲ್ಲಿ ಚಪ್ಪಡಿ ಹಾಸಿದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ. ಇಡೀ ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವ ಆಸೆ ಬೇಡ. ಆಗ ನೆಲದ ತೇವಕ್ಕೆ ಮೇಲೇಳಲು ಗೋಡೆಯೊಂದೇ ದಾರಿ ಉಳಿಯುತ್ತದೆ. ಈ ಕೆಲಸಕ್ಕೆ ಆಳಿನ ಕೂಲಿ ಬಿಟ್ಟರೆ ಹೆಚ್ಚಿನ ಖರ್ಚಿಲ್ಲ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಫಲ ಕೊಡುವ ಕೆಲಸ ಇಡೀ ರಿಪೇರಿಯಲ್ಲಿ ಇನ್ನೊಂದಿಲ್ಲ.

ಗೋಡೆ ನಮ್ಮದು ಮಣ್ಣಿನದು, ಕೆಳಗೆ ಮೂರಡಿ ಜಂಬಿಟ್ಟಿಗೆ ಕಲ್ಲು. ಇಂಥ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸುವುದು ಇವತ್ತು ಎಲ್ಲರೂ ಮಾಡುವ ಕೆಲಸ, ನನ್ನ ಪ್ರಕಾರ ಎಲ್ಲಕ್ಕಿಂತ ಹಾಳು ಕೆಲಸ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಎಳೆದುಕೊಂಡದ್ದು ಹೊರಬರಲಾರದೆ ಒಳಗೇ ನಿಂತು ಮಣ್ಣನ್ನು ಮೆದುಮಾಡುತ್ತದೆ. ಕೆಲವು ವರ್ಷಕ್ಕೆ ಪ್ಲಾಸ್ಟರ್ ಪೊಳ್ಳಾಗಿ, ತಟ್ಟಿದರೆ ಡೊಬಡೊಬ ಎನ್ನುತ್ತದೆ, ಆಮೇಲೆ ಹಲಗೆ ಹಲಗೆಯಾಗಿ ಕಳಚಿ ಬೀಳುತ್ತದೆ. ಬೀಳುವಾಗ ಒಳಗಿನ ಮಣ್ಣನ್ನೂ ಹಿಡಿದುಕೊಂಡು ಬರುತ್ತದೆ. ಮಣ್ಣಿನ ಗೋಡೆಗೆ ಮಣ್ಣೇ ಮದ್ದು. ಅದೇ ಹಿತ್ತಲಿನ ಮಣ್ಣನ್ನು ಜರಡಿ ಹಿಡಿದು, ಕತ್ತರಿಸಿದ ಹುಲ್ಲು, ಸ್ವಲ್ಪ ಸುಣ್ಣ ಸೇರಿಸಿ, ತುಳಿದು, ಕೆಲವು ದಿನ ಕೊಳೆಹಾಕಿ, ಆಮೇಲೆ ಮೆತ್ತಿಸಿ. ಕಲ್ಲಿನ ಭಾಗಕ್ಕೆ ಸುಣ್ಣದ ಗಾರೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಸುಣ್ಣದ ಗಾರೆ ಗಾಳಿಯಿಂದ ನಿಧಾನಕ್ಕೆ ಗಟ್ಟಿಯಾಗುವಂಥದ್ದು, ಎರಡೇ ದಿನಕ್ಕೆ ಕಲ್ಲಾಗಲಿಲ್ಲ ಎಂದು ಗಾಬರಿ ಬೇಡ. ಮೇಲೆ ಬಳಿಯಲು ಸುಣ್ಣ. ಅದರ ಖಾರಕ್ಕೆ ಬೂಸರು ಬೇಗ ಹತ್ತುವುದಿಲ್ಲ. ಪ್ಲಾಸ್ಟಿಕ್ ಬಣ್ಣ ಬಳಿದರೆ ಸಿಮೆಂಟಿನ ಕಥೆಯೇ ಇನ್ನೊಮ್ಮೆ.

ಬಿರುಕು ಕಂಡು ಎದೆಗುಂದಬೇಡಿ. ಬಿರುಕಿಗೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಚೂರನ್ನು ಎರಡು ತುದಿಗೂ ಗಾರೆಯಿಂದ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದಿಡಿ. ಮಳೆಗಾಲ ಕಳೆದು ಗಾಜು ಹಾಗೇ ಇದ್ದರೆ ಅದು ಹಳೇ ಬಿರುಕು, ಮಣ್ಣು ತುಂಬಿ ಮುಚ್ಚಿ. ಗಾಜು ಒಡೆದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ. ಆಗ ಮಾತ್ರ ಎಂಜಿನಿಯರಿಗೆ ದುಡ್ಡು ಕೊಟ್ಟು ತೋರಿಸಿ, ಆ ದುಡ್ಡಿನಲ್ಲಿ ಜಿಪುಣತನ ಬೇಡ. ಇನ್ನೊಂದು ಮಾತು, ಮಗಳೇ, ಇದು ನಿನಗೆ. ಅಡುಗೆಮನೆ ಕತ್ತಲೆ, ನಡುವಿನ ಗೋಡೆ ತೆಗೆದು ದೊಡ್ಡದು ಮಾಡೋಣ ಎಂದು ನೀನು ಹೇಳಿದೆಯಂತೆ. ನಿನ್ನ ಆಸೆ ನ್ಯಾಯವಾದದ್ದೇ. ಆ ಮನೆ ಕಟ್ಟಿದವರು ಅಡುಗೆ ಮಾಡುವವಳ ಬೆಳಕಿನ ಬಗ್ಗೆ ಯೋಚಿಸಲಿಲ್ಲ. ಆದರೆ ಈ ಮನೆಗಳಲ್ಲಿ ಪಿಲ್ಲರ್ ಇಲ್ಲ, ಮಾಡಿನ ಭಾರವೆಲ್ಲ ಗೋಡೆಯ ಮೇಲೇ ಇದೆ. ನಡುಗೋಡೆ ತೆಗೆಯುವ ಬದಲು ಒಲೆಯ ಮೇಲೆ ನಾಲ್ಕು ಗಾಜಿನ ಹೆಂಚು ಹಾಕಿಸು, ಹೊರಗೋಡೆಯ ಕಿಟಕಿಯನ್ನು ಅಗಲ ಮಾಡದೆ ಕೆಳಕ್ಕೆ ಉದ್ದ ಮಾಡಿಸು. ಅಗಲ ಮಾಡಿದರೆ ಮೇಲಿನ ಭಾರ ಹೊರಲು ಹೊಸ ಅಡ್ಡೆ ಬೇಕು. ಕೆಳಗೆ ಇಳಿಸಿದರೆ ಹಳೇ ಅಡ್ಡೆಯೇ ಸಾಕು.

ವಿದ್ಯುತ್ತಿನಲ್ಲಿ ಉಳಿತಾಯ ಮಾಡಬೇಡಿ. ಮರದ ಪಟ್ಟಿಯ ಮೇಲೆ ಎಳೆದ ಹಳೇ ತಂತಿಯನ್ನೆಲ್ಲ ಕಿತ್ತು, ತಾಮ್ರದ ತಂತಿ, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಗೋಡೆಯೇ ಒದ್ದೆಯಾಗುವ ಊರಿನಲ್ಲಿ ಸೋರಿದ ಕೂಡಲೇ ವಿದ್ಯುತ್ತನ್ನು ಕಡಿಯುವ ಅದು ಜೀವ ಉಳಿಸುವ ವಸ್ತು. ಗೋಡೆ ಕೊರೆಯದೆ ಮೇಲೆ ಪೈಪ್ ಹಾಯಿಸಿದರೆ ಅಗ್ಗವೂ ಆಗುತ್ತದೆ, ಮಣ್ಣಿನ ಗೋಡೆಗೆ ಕ್ಷೇಮವೂ ಹೌದು. ಬಚ್ಚಲು, ಶೌಚಾಲಯವನ್ನು ಹಳೇ ಗೋಡೆಗೆ ಅಂಟಿಸಬೇಡಿ. ಒಂದು ಗೇಣು ಬಿಟ್ಟು, ಹೊಸ ಬುನಾದಿ ಹಾಕಿ, ಬೇರೆಯೇ ಕಟ್ಟಿಸಿ. ಅದಕ್ಕೆ ಸ್ಲ್ಯಾಬ್ ಹಾಕಿಸುವುದಾದರೆ, ಮಾಡಿಗೆ ಬರಲಾರದು ಎಂದು ಬೇರೆ ಇಟ್ಟ ಹೆಂಚುಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ. ಸ್ಲ್ಯಾಬಿನ ಕೆಳಪದರದಲ್ಲಿ ಕಂಬಿಗಳ ನಡುವೆ ಹಳೇ ಹೆಂಚು ಜೋಡಿಸಿ ಕಾಂಕ್ರೀಟ್ ಉಳಿಸುವ ವಿಧಾನವನ್ನು ತಿರುವನಂತಪುರದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಎಷ್ಟೋ ಮನೆಗಳಲ್ಲಿ ಮಾಡಿ ತೋರಿಸಿದ್ದಾರೆ. ಆ ಕೆಲಸ ಗೊತ್ತಿರುವ ಮೇಸ್ತ್ರಿಯಿಂದಲೇ ಮಾಡಿಸಬೇಕು.

ಕೆಂಪು ಕಾವಿ ನೆಲವನ್ನು ಕಿತ್ತು ಟೈಲ್ಸ್ ಹಾಕಿಸಬೇಡಿ. ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೆ ತಾನಾಗಿ ಹೊಳಪು ಬರುತ್ತದೆ. ಬಾಗಿಲು ಕಿಟಕಿಯ ಹಳೇ ಎಣ್ಣೆಬಣ್ಣ ಕೆರೆಯುವಾಗ ನೀರು ಹಚ್ಚಿ ಉಜ್ಜಿಸಿ. ಹಿಂದಿನ ಬಣ್ಣಗಳಲ್ಲಿ ಸೀಸ ಬಹಳ ಇರುತ್ತಿತ್ತು. ಅದನ್ನು 90 ಪಿಪಿಎಂಗೆ ಮಿತಿಗೊಳಿಸಿದ ಕೇಂದ್ರದ ನಿಯಮ ಬಂದದ್ದೇ 2016ರಲ್ಲಿ. ಆ ಒಣಧೂಳು ಮಗುವಿನ ಬಾಯಿಗೆ ಹೋಗಬಾರದು. ಹಳೇ ಬಾಗಿಲು, ಕಂಬ ಕೊಡಿ, ಒಳ್ಳೇ ರೇಟು ಕೊಡುತ್ತೇವೆ ಎಂದು ವ್ಯಾಪಾರಿಗಳು ಬಂದೇ ಬರುತ್ತಾರೆ. ಕೆಲಸದ ನಡುವೆ ಕೈ ಬಿಗಿಯಾದಾಗ ಆ ರೇಟು ದೊಡ್ಡದಾಗಿ ಕಾಣುತ್ತದೆ. ದಯವಿಟ್ಟು ಕೊಡಬೇಡಿ. ಕುಪ್ಪಳಿಯ ಕವಿಮನೆಗೆ ಒಮ್ಮೆ ಹೋಗಿ ಬನ್ನಿ. ಆ ತೊಟ್ಟಿಯ ಸುತ್ತಲಿನ ಕಂಬಗಳನ್ನು ನೋಡಿದರೆ ನಾನು ಯಾಕೆ ಇಷ್ಟು ಹೇಳುತ್ತೇನೆಂದು ನಿಮಗೇ ತಿಳಿಯುತ್ತದೆ.

ಕೆಲಸದವರ ವಿಷಯ. ದೀಪಾವಳಿ ಕಳೆದ ಕೂಡಲೇ ಅಡಿಕೆ ಕೊಯ್ಲು ಬಿರುಸಾಗುತ್ತದೆ, ಆಗ ಎಷ್ಟು ಕೂಲಿ ಕೊಟ್ಟರೂ ಆಳು ಸಿಗುವುದಿಲ್ಲ. ಆ ತಿಂಗಳುಗಳಲ್ಲಿ ಸಾಮಾನು ತಂದಿಟ್ಟುಕೊಳ್ಳಿ. ಸಂಕ್ರಾಂತಿ ಕಳೆದ ಮೇಲೆ ಮಾಡು ಬಿಚ್ಚಿ, ಯುಗಾದಿಯೊಳಗೆ ಹೊದಿಸಿ ಮುಗಿಸಿ. ಏಪ್ರಿಲ್‌ನಲ್ಲಿ ಅಡ್ಡಮಳೆ ಗಾಳಿ ಸಮೇತ ಬರುತ್ತದೆ, ತೆರೆದ ಮಾಡಿನ ಕೆಳಗಿನ ಮಣ್ಣಿನ ಗೋಡೆ ಒಂದು ಸಂಜೆಯ ಮಳೆಗೆ ಕರಗಿ ಹೋಗಬಹುದು. ಇಡೀ ಮಾಡನ್ನು ಒಟ್ಟಿಗೆ ಬಿಚ್ಚಬೇಡಿ, ಒಂದು ಅಂಕಣ ಮುಗಿದ ಮೇಲೆ ಇನ್ನೊಂದು. ಮಾಡಿನ ಕೆಲಸ, ಗೋಡೆಯ ಕೆಲಸ ದಿನಗೂಲಿ ಲೆಕ್ಕದಲ್ಲಿರಲಿ. ಒಳಗೆ ಏನಿದೆ ಎಂದು ಬಿಚ್ಚಿ ನೋಡುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಇಡಿಯಾಗಿ ಗುತ್ತಿಗೆ ಕೊಟ್ಟರೆ ರಿಪೇರಿ ಮಾಡುವ ಬದಲು ಕಿತ್ತು ಹೊಸದು ಹಾಕುವುದೇ ಗುತ್ತಿಗೆದಾರನಿಗೆ ಲಾಭ. ವೈರಿಂಗ್ ಪಾಯಿಂಟ್ ಲೆಕ್ಕದಲ್ಲಿ, ಬಚ್ಚಲಿನ ಟೈಲ್ಸ್ ಚದರಡಿ ಲೆಕ್ಕದಲ್ಲಿ ಗುತ್ತಿಗೆ ಕೊಡಬಹುದು. ದಿನಗೂಲಿ ಎಂದರೆ ನಿಮ್ಮಲ್ಲಿ ಒಬ್ಬರು ಸ್ಥಳದಲ್ಲಿ ಇರಲೇಬೇಕು. ಬಡಗಿಗೆ ಹೊತ್ತಿಗೆ ಸರಿಯಾಗಿ ಕಾಫಿ, ಊಟ, ಶನಿವಾರ ಸಂಜೆ ಕೈಗೆ ಕೂಲಿ. ಹಳೇ ಮನೆಯ ಕೆಲಸ ಬಲ್ಲ ಬಡಗಿಗಳು ಈಗ ಉಳಿದಿರುವವರೇ ಕಡಿಮೆ, ಹೆಚ್ಚಿನವರು ವಯಸ್ಸಾದವರು. ಅವರು ಹೇಳಿದ್ದನ್ನು ತಾಳ್ಮೆಯಿಂದ ಕೇಳಿ, ಮೊಬೈಲಿನಲ್ಲಿ ನೋಡಿದ್ದನ್ನು ಅವರಿಗೆ ಕಲಿಸಲು ಹೋಗಬೇಡಿ.

ದುಡ್ಡು ಸಾಲದೆ ಬಂದರೆ ಕೆಲಸ ನಿಲ್ಲಿಸಿ, ಚಿನ್ನ ಅಡ ಇಡಬೇಡಿ. ಮಾಡು ಸೋರದಿದ್ದರೆ, ಚರಂಡಿ ಹರಿಯುತ್ತಿದ್ದರೆ, ಒಂದು ಕೋಣೆ, ಒಂದು ಬಚ್ಚಲು, ಒಂದು ಒಲೆ ಇದ್ದರೆ ಇಬ್ಬರೂ ಒಂದು ಮಗುವೂ ಇರಬಹುದು. ಉಳಿದ ಕೋಣೆಗಳು ಮುಂದಿನ ವರ್ಷಕ್ಕೆ ಕಾಯುತ್ತವೆ.

ಈಗ ತುರ್ತಾಗಿ ಆಗಬೇಕಾದದ್ದು ಮೂರು. ಚಿಕ್ಕತ್ತೆಯ ಮನೆಗೆ ಹೋಗಿ ಬನ್ನಿ. ಹಿಂದಿನ ಧರೆಯ ಚರಂಡಿ ಬಿಡಿಸಿ. ಅಡುಗೆಮನೆಯ ಮೂಲೆಯಲ್ಲಿ ಹೆಂಚು ಜಾರಿರುವ ಕಡೆ ಮೇ ತಿಂಗಳು ಮುಗಿಯುವುದರೊಳಗೆ ದಪ್ಪ ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿಸಿ. ಅಲ್ಲಿನ ಗೋಡೆ ಇನ್ನೊಂದು ಮಳೆಗಾಲ ನೆನೆದರೆ ನಿಲ್ಲುವುದಿಲ್ಲ.